ಮೂರೂ ಇಪ್ಪತ್ತರ ಸಾಕ್ಷಿ

ಪ್ಯಾಂಟಿನ ಸೊಂಟವನ್ನು ದರ್ಜಿ ಮೂರನೆಯ ಸಲ ಬಿಚ್ಚಿದ. ಹಿಡಿಯಬೇಕಾಗಿದ್ದದ್ದು ಎರಡಂಗುಲ. ಮೊದಲ ಸಲ ಮೂರಂಗುಲ ಹಿಡಿದಿದ್ದ. ಎರಡನೆಯ ಸಲ ಜೇಬಿನ ಬಾಯನ್ನೂ ಸೇರಿಸಿ ಹೊಲಿದಿದ್ದ. ನಲವತ್ತು ವರ್ಷ ಮಿಷನ್ ತುಳಿದ ಕಾಲು ನಿನ್ನೆಯಿಂದ ತಾಳ ತಪ್ಪಿತ್ತು.

ಪ್ಯಾಂಟು ಬಡಗಿಯದು. ಇಬ್ಬರೂ ಒಂದೇ ಸಭೆಯವರು. ಚರ್ಚಿನ ಬೆಂಚುಗಳನ್ನೆಲ್ಲ ಮಾಡಿದವನು ಬಡಗಿ. ಅವುಗಳಲ್ಲಿ ಮೊದಲನೆಯದರ ಮೇಲೆ ಕೂರುವವನು ದರ್ಜಿ, ಯಾಕೆಂದರೆ ಅವನು ಸಭೆಯ ಹಿರಿಯ. ಹಿರಿಯನೆಂದಮೇಲೆ ರಕ್ಷಣೆ ಹೊಂದಿದ, ಅಂದರೆ ಯೇಸುವನ್ನು ನಂಬಿ ಹೊಸಬನಾದ, ತಾರೀಕು ಇರಲೇಬೇಕೆಂಬುದು ಆ ಸಭೆಯ ರೂಢಿ. ವರ್ಷಕ್ಕೊಮ್ಮೆ, ಉಜ್ಜೀವನ ಕೂಟದ ಭಾನುವಾರ, ಎದ್ದು ನಿಂತು ದಿನ ಗಳಿಗೆ ಸಮೇತ ಸಾಕ್ಷಿ ಹೇಳಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ಮೊದಲ ಸಲ ಸರದಿ ಬಂದಾಗ ದರ್ಜಿಯ ಬಳಿ ತಾರೀಕಿರಲಿಲ್ಲ. ತೊಟ್ಟಿಲಲ್ಲೇ ಕೀರ್ತನೆ ಕೇಳಿ ಬೆಳೆದವನು. ನಂಬಿಕೆ ಯಾವತ್ತು ಹುಟ್ಟಿತೆಂದು ಅವನನ್ನು ಕೇಳುವುದು, ಮೀಸೆ ಯಾವತ್ತು ಬಂತೆಂದು ಕೇಳಿದ ಹಾಗೆ. ಆದರೆ ಅವನ ಬಲಗಡೆಯವನು ಬಾವಿಗೆ ಬಿದ್ದು ರಕ್ಷಣೆ ಹೊಂದಿದ್ದ, ಎಡಗಡೆಯವನು ಲಾರಿಯಡಿ ಸಿಕ್ಕಿ. ಬರಿಗೈಯಲ್ಲಿ ಏಳಲು ನಾಚಿಕೆಯಾಯಿತು. ಹಿಂದಿನ ತಿಂಗಳು ಮಿಷನ್ನಿನ ಸೂಜಿ ಬೆರಳಿಗೆ ಹೊಕ್ಕಿದ್ದು ನೆನಪಾಗಿ, ಜೂನ್ ಹದಿನಾಲ್ಕು, ಮಧ್ಯಾಹ್ನ ಮೂರೂ ಇಪ್ಪತ್ತು ಎಂದುಬಿಟ್ಟ. ಸೂಜಿ ಚುಚ್ಚಿತು, ಮೊಳೆ ಹೊಡೆಸಿಕೊಂಡ ಕೈಗಳು ಕಣ್ಣೆದುರು ಬಂದವು, ಮೊಣಕಾಲೂರಿದೆ ಎಂದ. ನಾಲ್ಕಾರು ಜನ ಕಣ್ಣೊರೆಸಿಕೊಂಡರು. ಐದನೆಯ ವರ್ಷ ರಕ್ತ ಬಿಳಿ ಬಟ್ಟೆಯ ಮೇಲೆ ಬಿತ್ತು. ಒಂಬತ್ತನೆಯ ವರ್ಷ ಆ ಕಲೆ ಶಿಲುಬೆಯ ಆಕಾರ ತಾಳಿತು. ಒಳ್ಳೆಯ ದರ್ಜಿ ಮುಂದೆ ಮೈ ಬೆಳೆದೀತೆಂದು ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತಾನೆ.

ನಿನ್ನೆ, ಶುಕ್ರವಾರ, ಬಡಗಿ ಪ್ಯಾಂಟು ತಂದಿದ್ದ. ಸೋಮವಾರ ಅವನಿಗೆ ಹೊಟ್ಟೆಯ ಆಪರೇಷನ್. ಡಾಕ್ಟರು ಧೈರ್ಯವನ್ನೂ ಹೇಳಿರಲಿಲ್ಲ, ಅಧೈರ್ಯವನ್ನೂ ಹೇಳಿರಲಿಲ್ಲ. ದರ್ಜಿ ಸೊಂಟಕ್ಕೆ ಟೇಪು ಸುತ್ತುತ್ತಿದ್ದಾಗ ಬಡಗಿ ಗೋಡೆ ನೋಡುತ್ತಾ ಹೇಳಿದ:

"ಉಳಿ ತಾಗಿ ನನ್ನ ಕೈ ನೂರು ಸಲ ಕೊಯ್ದಿದೆ ಕಣಯ್ಯಾ. ಪ್ರತಿ ಸಲಾನೂ ಕಾದೆ. ನಿನಗಾದ ಹಾಗೆ ನನಗೇನೂ ಆಗ್ಲಿಲ್ಲ. ದೇವರಿಗೆ ನಾನು ಬೇಡ್ವೇನೋ."

ದರ್ಜಿ ಚಿಕ್ಕಂದಿನಿಂದ ಬಾಯಿಪಾಠವಾಗಿದ್ದದ್ದನ್ನೇ ಹೇಳಿದ. ರಕ್ಷಣೆ ಕೃಪೆಯಿಂದ ಬರುವುದು, ನಂಬಿದವನಿಗೆ ದೇವರು ಪುಕ್ಕಟೆ ಕೊಡುವುದು, ಅದಕ್ಕೆ ಗಾಯ ಬೇಕಿಲ್ಲ ಎಂದ.

"ನಿನಗೇನಪ್ಪಾ, ತಾರೀಕಿದೆ" ಎಂದು ಬಡಗಿ ಹೊರಟುಹೋಗಿದ್ದ.

ಈಗ ದರ್ಜಿ ಪ್ಯಾಂಟು ಬಿಸಾಕಿ ಎದ್ದ. ಬಡಗಿಯ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದ. ಮತ್ತೆ ಹೋದ, ಮತ್ತೆ ಬಂದ. ಮೊದಲೆರಡು ಸಲ ಬೊಗಳಿದ ಬೀದಿನಾಯಿ ಮೂರನೆಯ ಸಲ ಬೇಸತ್ತು ಸುಮ್ಮನಾಯಿತು.

ಮನೆಯಲ್ಲಿ ಹೆಂಡತಿ ಗುಂಡಿ ಹಾಕುತ್ತಾ ಕೂತಿದ್ದಳು. ಬಡಗಿಯ ಮಾತನ್ನು ನಿನ್ನೆ ರಾತ್ರಿ ಅವನೇ ಹೇಳಿದ್ದರಿಂದ ಅವನ ಚಡಪಡಿಕೆಗೆ ಕಾರಣ ಅವಳಿಗೆ ಗೊತ್ತಿತ್ತು. ಅಂದು ಬೆರಳಿಗೆ ಬಟ್ಟೆ ಕಟ್ಟಿದವಳೇ ಅವಳು.

"ಅವತ್ತು ನೀವು ಮಿಷನ್ನಿಗೆ ಬೈದ ಬೈಗುಳ ನನಗಿನ್ನೂ ನೆನಪಿದೆ ರೀ" ಎಂದಳು.

ನಿಜ ಹೇಳಿದರೆ ಹಿರಿಯಸ್ಥಾನ ಹೋಗುತ್ತದೆ ಎಂದು ಅವನು ಗೊಣಗಿದ.

"ಹೋದ್ರೆ ಹಿಂದಿನ ಬೆಂಚಿಗೆ ಬರ್ತೀರಿ. ಅಲ್ಲಿ ಫ್ಯಾನಾದ್ರೂ ತಿರುಗುತ್ತೆ. ಆ ಅಣ್ಣ ಮಾತ್ರ ಈ ಹೆದರಿಕೇಲೇ ಆಪರೇಷನ್ನಿಗೆ ಹೋಗ್ಬಾರ್ದು."

ಭಾನುವಾರ ಪಾಸ್ಟರು ಸಾಕ್ಷಿಗೆ ಕರೆದಾಗ ದರ್ಜಿ ಎದ್ದ. ಅವನು ಬಾಯಿ ತೆರೆಯುವ ಮೊದಲೇ ಮುಂದೆ ಕೂತ ಮಕ್ಕಳು "ಮೂರೂ ಇಪ್ಪತ್ತು" ಎಂದು ತುಟಿ ಆಡಿಸಿದವು. ಅಭ್ಯಾಸಬಲದಿಂದ ಮೇಲೆದ್ದ ಬೆರಳನ್ನು ಅವನು ಜೇಬಿಗೆ ತುರುಕಿಕೊಂಡ.

"ಸೂಜಿ ಚುಚ್ಚಿದ್ದು ನಿಜ. ಮೊಣಕಾಲೂರಿದ್ದು ಸುಳ್ಳು. ಬಾಯಿಗೆ ಬಂದ ಹಾಗೆ ಬೈದು, ಬಟ್ಟೆ ಕಟ್ಟಿಸ್ಕೊಂಡು, ಹೊಲಿಗೆ ಮುಂದುವರಿಸ್ದೆ. ಯೇಸುವನ್ನ ನಂಬಿದ್ದೀನಿ. ಯಾವತ್ತಿಂದ ಅಂತ ಮಾತ್ರ ನನಗೇ ಗೊತ್ತಿಲ್ಲ. ನಿಮಗೆಲ್ಲ ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ."

ಪಾಸ್ಟರು ಬೈಬಲಿನಲ್ಲಿ ಏನನ್ನೋ ಹುಡುಕತೊಡಗಿದರು, ಸಿಗಲಿಲ್ಲ. ಬಾವಿಯವನು ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ಬಹಳ ಹೊತ್ತು ಪರೀಕ್ಷಿಸಿದ.

ದರ್ಜಿ ಮೊದಲ ಬೆಂಚಿಗೆ ಮರಳದೆ ನೇರ ಕೊನೆಯ ಬೆಂಚಿಗೆ ನಡೆದ. ಅಲ್ಲಿ ಬಾಗಿಲ ಪಕ್ಕ ಬಡಗಿ ಕೂತಿದ್ದ. ಅವನು ಜರುಗಲಿಲ್ಲ, ಈ ಕಡೆ ನೋಡಲೂ ಇಲ್ಲ. ಒಂದು ಇಡೀ ಕೀರ್ತನೆ ಮುಗಿಯುವವರೆಗೆ ದರ್ಜಿ ಬೆಂಚಿನ ಅಂಚಿನಲ್ಲಿ ಒಂಟಿಕಾಲಿನ ಕೊಕ್ಕರೆಯಂತೆ ಅರ್ಧ ಕೂತು ಅರ್ಧ ನಿಂತಿದ್ದ. ಆಮೇಲೆ ಬಡಗಿ ಒಂದು ಗೇಣು ಸರಿದ.

"ಇಪ್ಪತ್ತೆರಡು ವರ್ಷ," ಪಿಸುಗುಟ್ಟಿದ. "ಉಳೀನೇ ನೋಡ್ಕೊಂಡು ಕೂತಿದ್ನಲ್ಲೋ, ಪಾಪಿ."

"ಹೂಂ."

"ಹಾಗಾದ್ರೆ ನಿನಗೂ ತಾರೀಕಿಲ್ಲ."

"ಇಲ್ಲ."

ಬಡಗಿ ಬೆಂಚಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಕೋಪ ಮುಖದಿಂದ ಪೂರ್ತಿ ಇಳಿದಿರಲಿಲ್ಲ.

"ಸರಿ. ನಾಳೆಗೋಸ್ಕರ ಪ್ರಾರ್ಥನೆ ಮಾಡು. ಬೆರಳು ಮಾತ್ರ ತೋರಿಸ್ಬೇಡ."

ದರ್ಜಿ ಕಣ್ಣು ಮುಚ್ಚಿದ. ಅವನ ಕಾಲು ಬೆಂಚಿನ ಕೆಳಗೆ ಇಲ್ಲದ ಮಿಷನ್ನನ್ನು ಇನ್ನೂ ತುಳಿಯುತ್ತಲೇ ಇತ್ತು. ಬಡಗಿ ತನ್ನ ಪಾದವನ್ನು ಅದರ ಮೇಲಿಟ್ಟು ಒತ್ತಿ ಹಿಡಿದ.