ಅಕ್ಕನ ಹೊಲಕ್ಕೆ ಕೆರೆ ಬಂದದ್ದು

ನಾನು ಹಿಂದೂಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನನ್ನ ವಿದ್ಯೆಯಿಂದ ಯಾರಿಗಾದರೂ ಉಪಯೋಗವಾದೀತೆಂಬ ಭ್ರಮೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ. ಹಾಗಿರುವಾಗ ಕಲ್ಯಾಣದುರ್ಗದಿಂದ ಅಕ್ಕ ಫೋನ್ ಮಾಡಿದಳು. "ನೀನು ಬಣ್ಣದ ಮೇಷ್ಟ್ರು ಕಣ್ಲಾ. ಇಲ್ಲೊಂದು ಬಣ್ಣದ ತಕರಾರು ಬಂದ್ಬುಟ್ಟೈತೆ. ಮೊದಲ್ನೇ ಬಸ್ಸಿಗೆ ಬಾ."

ಊರು ಇನ್ನು ಮುಂದೆ ಹೇಗೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಹೊಲ ಎಂದು ಮಾಸ್ಟರ್ ಪ್ಲಾನ್ ತಯಾರಾಗಿತ್ತು. ಕರಡು ನಕ್ಷೆಯನ್ನು ನೋಡಿ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದೆಂದು ಪೇಪರಿನಲ್ಲಿ ಪ್ರಕಟಣೆ ಬಂದಿತ್ತಂತೆ. ಯಾವ ಪೇಪರು, ಯಾವ ಪುಟ ಎಂಬುದು ನಾನು ಕೇಳಿದ ಯಾರಿಗೂ ತಿಳಿದಿರಲಿಲ್ಲ. ಗಡುವಿಗೆ ನಾಲ್ಕು ದಿನ ಇರುವಾಗ ಅಕ್ಕನಿಗೆ ಸುದ್ದಿ ಮುಟ್ಟಿಸಿದವನು ಹಾಲಿನವನು.

ಅಕ್ಕನೊಂದಿಗೆ ಪುರಸಭೆ ಕಚೇರಿಗೆ ಹೋದೆ. ಸಾರ್ವಜನಿಕರ ವೀಕ್ಷಣೆಗೆಂದು ಇಟ್ಟ ನಕ್ಷೆ ಒಂದು ಕಬ್ಬಿಣದ ಬೀರುವಿನ ಹಿಂದಿನ ಗೋಡೆಯ ಮೇಲಿತ್ತು. ಅರ್ಧ ಊರು ಮಾತ್ರ ಕಾಣುತ್ತಿತ್ತು. "ನೋಡೋಕೆ ಯಾರೂ ಬರ್ಲಿಲ್ಲ ಸಾರ್, ಅದಕ್ಕೇ ಬೀರು ಇಟ್ವಿ" ಎಂದ ಗುಮಾಸ್ತ. ಒಳ್ಳೆಯ ಮನುಷ್ಯ, ಬೀರು ಎಳೆಯಲು ತಾನೂ ಒಂದು ಕೈ ಹಾಕಿದ.

ಬೀರು ಸರಿದಾಗ ಅಕ್ಕನ ನಾಲ್ಕು ಎಕರೆ ದಾಳಿಂಬೆ ತೋಟ ಕಾಣಿಸಿತು. ಅಚ್ಚ ನೀಲಿ. ನೀಲಿಯೆಂದರೆ ಕೆರೆ ಎಂದು ಮೂಲೆಯ ಪಟ್ಟಿ ಹೇಳುತ್ತಿತ್ತು. ತೋಟದ ಆಚೆಗಿದ್ದ ನಿಜವಾದ ಕೆರೆಗೆ ಹಳದಿ ಬಳಿದಿದ್ದರು. ಹಳದಿಯೆಂದರೆ ಮನೆಗಳ ಜಾಗ. ಆರನೇ ತರಗತಿಯ ಮಕ್ಕಳು ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿತ್ತು. ಊರಿನ ಮಾತು ತೆಲುಗು, ಅಕ್ಕನ ಮಾತು ಕನ್ನಡ, ಇಬ್ಬರಿಗೂ ಅನ್ಯಾಯವಾಗಬಾರದೆಂಬ ಉದ್ದೇಶವಿರಬೇಕು. ನಾನು ತೋಟದ ಬಗ್ಗೆ ಒಂದು ಅರ್ಜಿ ಬರೆದು ಪೆನ್ನು ಮುಚ್ಚಿದೆ.

"ಕೆರೇದು?" ಎಂದಳು ಅಕ್ಕ.

"ಅದು ಸರ್ಕಾರದ್ದು. ನಮಗ್ಯಾಕೆ?"

"ಬರಿಯೋ ಸುಮ್ಕೆ. ಆ ಕೆರೆ ತುಂಬಿದ್ರೇ ನಮ್ಮ ಬಾವೀಲಿ ನೀರು."

ಎರಡನೆಯದನ್ನೂ ಬರೆದೆ.

ವಿಚಾರಣೆಯ ದಿನ ಸಭಾಂಗಣದ ಮುಂದಿನ ಸಾಲು ಲೇಔಟ್ ಮಾಡುವವರಿಂದ ತುಂಬಿತ್ತು. ಅವರು ಪೇಪರಿನ ಆ ಪುಟವನ್ನು ಹೇಗೋ ಓದಿದ್ದರು. ಬಣ್ಣದ ಫೈಲು, ಜೊತೆಗೊಬ್ಬ ಎಂಜಿನಿಯರು, ಅಧಿಕಾರಿ ಕೆಮ್ಮಿದರೆ ಕೊಡಲು ನೀರಿನ ಬಾಟಲಿ. ನಾವು ಕೊನೆಯ ಸಾಲಿನಲ್ಲಿ ಮಧ್ಯಾಹ್ನದವರೆಗೆ ಕುಳಿತೆವು.

"ಅಮ್ಮಾ, ಮೀ ಅಭ್ಯಂತರಂ ಏಮಿಟಿ?" ಎಂದು ಅಧಿಕಾರಿ ಅಕ್ಕನ ಆಕ್ಷೇಪಣೆಯನ್ನು ತೆಲುಗಿನಲ್ಲಿ ಕೇಳಿದ.

ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು. "ನಂದೇನೂ ತಕರಾರಿಲ್ಲ ಸಾಮಿ. ನಾಲ್ಕೆಕ್ರೆ ಕೆರೆ ಕೊಟ್ಟಿದ್ದೀರ, ಬಲು ಸಂತೋಷ. ನೀಳ್ಳು ಎಪ್ಪುಡು ವದುಲುತಾರು? ದಾಳಿಂಬೆ ಕಿತ್ತಾಕಿ ಮೀನಿನ ಮರಿ ತರ್ಬೇಕಲ್ಲ!" ನೀರು ಯಾವಾಗ ಬಿಡುತ್ತೀರಿ ಎಂಬುದೊಂದನ್ನು ಆತನಿಗೆ ಚೆನ್ನಾಗಿ ತಿಳಿಯಲೆಂದು ತೆಲುಗಿನಲ್ಲೇ ಕೇಳಿದ್ದಳು.

ಸಭೆ ನಕ್ಕಿತು. ನಕ್ಷೆ ಬರೆದ ಕಂಪನಿಯವನು ಕಂಪ್ಯೂಟರ್ ತೆರೆದು ನೋಡಿದ. ಉಪಗ್ರಹ ಮೇಲಿಂದ ಫೋಟೋ ತೆಗೆದ ವರ್ಷ ಅಕ್ಕ ಬಿಸಿಲಿಗೆಂದು ಗಿಡಗಳ ಮೇಲೆ ನೀಲಿ ಪರದೆ ಹೊದಿಸಿದ್ದಳು. ಕೆರೆ ಬತ್ತಿ ಜಾಲಿ ಬೆಳೆದಿತ್ತು. ಅಷ್ಟು ದೂರದಿಂದ ನೋಡಿದವರಿಗೆ ಪರದೆ ನೀರಾಯಿತು, ಕೆರೆ ಖಾಲಿ ಸೈಟಾಯಿತು. ಬಸ್ಸಿನಲ್ಲಿ ಬಂದು ಒಮ್ಮೆ ನೋಡಬೇಕೆಂದು ಯಾರಿಗೂ ತೋಚಿರಲಿಲ್ಲ. ತೋಟವನ್ನು ಸರಿಪಡಿಸುವುದಾಗಿ ಅಧಿಕಾರಿ ಬರೆದುಕೊಂಡ.

"ಇನ್ನೊಂದು ಐತೆ, ಕೆರೇದು" ಎಂದಳು ಅಕ್ಕ.

ಆತ ಕಾಗದ ತಿರುವಿ ಈ ಸಲ ಕನ್ನಡದಲ್ಲೇ ಕೇಳಿದ. "ಕೆರೆ ನಿಮ್ಮದಾ?"

"ಅಲ್ಲ."

"ಹಾಗಾದ್ರೆ ಸಂಬಂಧಪಟ್ಟವರು ಕೊಡಬೇಕಮ್ಮಾ."

"ಕೆರೆಗೆ ಸಂಬಂಧಪಟ್ಟೋರು ಯಾರು ಸಾಮಿ?"

ಆತ ಮುಂದಿನ ಹೆಸರು ಕೂಗಿದ. ನಾನು ಅಕ್ಕನ ಕೈ ಹಿಡಿದು ಜಗ್ಗಿದೆ. "ನಮ್ಮದು ಸರಿಹೋಯ್ತಲ್ಲ, ಕೂತ್ಕೊ."

ಅವಳು ಕುಳಿತಳು. ನನ್ನನ್ನು ಒಮ್ಮೆ ನೋಡಿದಳು. ಬಸ್ ಸ್ಟ್ಯಾಂಡಿನವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಇಷ್ಟು ಹೊತ್ತು ಆ ಅಧಿಕಾರಿಯನ್ನು ಮನಸಿನಲ್ಲೇ ಗೇಲಿ ಮಾಡುತ್ತಿದ್ದವನು ನಾನು, ಅವನ ಮಾತನ್ನೇ ಇನ್ನಷ್ಟು ಮೆತ್ತಗೆ ಹೇಳಿದ್ದೆ ಎಂಬುದು ಬಸ್ಸು ಹೊರಟ ಮೇಲೆ ಹೊಳೆಯಿತು.

ಅಂತಿಮ ನಕ್ಷೆಯಲ್ಲಿ ಅಕ್ಕನ ತೋಟ ಹಸಿರಾಯಿತು. ಕೆರೆ ಹಳದಿಯಾಗಿಯೇ ಉಳಿಯಿತು. ಅರ್ಜಿದಾರರಿಗೂ ಸದರಿ ಜಾಗಕ್ಕೂ ಸಂಬಂಧವಿಲ್ಲದ ಕಾರಣ ವಿಷಯ ಮುಕ್ತಾಯಗೊಳಿಸಲಾಗಿದೆ ಎಂದು ಮುದ್ದಾದ ಪತ್ರ ಬಂತು. ಅಕ್ಕ ಓಣಿಯ ಹೆಂಗಸರಿಂದೆಲ್ಲ ಸಹಿ ಹಾಕಿಸಿ ಮತ್ತೆ ಕಳಿಸಿದಳು. ಗಡುವು ಮುಗಿದಿದೆ ಎಂದು ಅದೂ ಹಿಂದಿರುಗಿತು.

ಮೊನ್ನೆ ಫೋನ್ ಮಾಡಿದ್ದಳು. "ಕೆರೆ ಒಳಗೆ ಸೈಟಿನ ಕಲ್ಲು ನೆಟ್ಟವ್ರೆ ಕಣ್ಲಾ. ಸೆಟ್ಟೂರು ಕಡೆ ಕುರಿಯೋರು ಆ ಕಲ್ಲಿಗೇ ಹಗ್ಗ ಕಟ್ಟಿ ಕುರಿ ಮಲಗಿಸ್ತಾವ್ರೆ." ನಕ್ಕಳು. ಆಮೇಲೆ, "ಸೋಮವಾರ ಅನಂತಪುರಕ್ಕೆ ಹೋಯ್ತೀನಿ, ದೊಡ್ಡ ಆಫೀಸಿಗೆ. ನೀನು ಬತ್ತೀಯೋ ಇಲ್ವೋ?" ಎಂದಳು.

ಬರುತ್ತೇನೆ ಎಂದೆ.