ಸಭೆಗೆ ತೋರಿಸದ ಕೈ

ಕೈಮಾಷ್ಟ್ರ ಹೆಬ್ಬೆರಳುಗಳು ಸೌಟಿನಂತೆ ಹಿಂದಕ್ಕೆ ಬಾಗುತ್ತಿದ್ದವು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕೈ ನೋಡುವುದು ಅವರ ಅಭ್ಯಾಸ. ಆ ಕೈಯನ್ನು ಹಿಡಿದು, ಮಾವು ಹಣ್ಣಾಗಿದೆಯೇ ಎಂದು ನೋಡುವವರ ಹಾಗೆ ಮೆಲ್ಲಗೆ ಒತ್ತುತ್ತಿದ್ದರು. ನನ್ನ ಕೈಯನ್ನೂ ಒಮ್ಮೆ ಒತ್ತಿ, "ಇದ್ ಬರೀ ಮಾತಾಡುವಾಗ ಬೀಸೂ ಕೈ" ಎಂದಿದ್ದರು. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ರಜೆಗೆ ಬಂದಿದ್ದ ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ.

ಯುದ್ಧದ ಕಾಲದಲ್ಲಿ ಅವರು ಎಲ್ಲೋ ಉತ್ತರದ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಗಾಯಾಳುಗಳ ಶುಶ್ರೂಷೆಗಿದ್ದರು. ಅಲ್ಲಿ ಗಾಯ ಮಾಯ್ದ ಸಿಪಾಯಿಗಳಿಗೆ ಮಗ್ಗ, ಮರಗೆಲಸ, ಬುಟ್ಟಿ ಹೆಣೆಯುವ ಕೆಲಸ ಕೊಟ್ಟು ಕೈಕಾಲುಗಳನ್ನು ಮರಳಿ ಪಳಗಿಸುತ್ತಿದ್ದರಂತೆ. ಯುದ್ಧ ಮುಗಿದು ಕುಂದಾಪುರಕ್ಕೆ ಬಂದವರು ತಮ್ಮ ಜಗಲಿಯಲ್ಲೇ ಅದನ್ನು ಶುರುಮಾಡಿದರು. ಪಾರ್ಶ್ವವಾಯು ಬಡಿದ ಮುದುಕಿಯೊಬ್ಬಳು ಅಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಭುಜ ಮುರಿದುಕೊಂಡ ಅಂಬಿಗ ಹಗ್ಗ ಹೊಸೆಯುತ್ತಿದ್ದ. ಔಷಧದ ಸೀಸೆ ಒಂದೂ ಇರಲಿಲ್ಲ. ಡಾಕ್ಟ್ರು ಎನ್ನಲು ಬಾಯಿ ಬಾರದೆ ಊರವರು ಕೈಮಾಷ್ಟ್ರು ಎಂದರು.

ನನ್ನ ಅಣ್ಣನ ಬಲಗೈ ಹಂಚಿನ ಕಾರ್ಖಾನೆಯಲ್ಲಿ ಅಚ್ಚೊತ್ತುವ ಯಂತ್ರಕ್ಕೆ ಸಿಕ್ಕಿತ್ತು. ಗಾಯವೇನೋ ಮಾಯಿತು, ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ನಿಂತವು. ಅಮ್ಮ ಉಣ್ಣಿಸುತ್ತಿದ್ದಳು, ಅಂಗಿ ತೊಡಿಸುತ್ತಿದ್ದಳು. ನೊಂದವನಿಗೆ ಒಂದು ಲೋಟ ಎತ್ತಲೂ ಬಿಡದಿರುವುದೇ ನಮ್ಮ ಮನೆಯ ಪ್ರೀತಿ. ಎಂಟು ತಿಂಗಳು ಕಳೆದರೂ ಅಣ್ಣ ಬೀದಿಗೆ ಇಳಿದಿರಲಿಲ್ಲ.

ಸುದ್ದಿ ಕೇಳಿ ಕೈಮಾಷ್ಟ್ರು ತಾವಾಗಿಯೇ ಬಂದರಂತೆ. ಎಲ್ಲಿ ನೋವು ಎಂದು ಕೇಳಲಿಲ್ಲ.

"ಮೊದ್ಲ್ ಬೆಳಿಗ್ಗೆ ಎದ್ದ್ ಎಂತ ಮಾಡ್ತಿದ್ದೆ ಮಾರಾಯಾ?"

"ಅಂಗಿ ಹಾಕಂಡ್ ಕೆಲ್ಸಕ್ ಹೋತಿದ್ದೆ."

"ಹಂಗಾರೆ ಅಂಗಿಂದ್ಲೇ ಸುರು ಮಾಡ್ವ."

ಮರುದಿನ ತಮ್ಮ ಹಳೆಯ ಖಾಕಿ ಅಂಗಿಯನ್ನು ಹಲಗೆಗೆ ಮೊಳೆ ಹೊಡೆದು ತಂದರು, ಜೊತೆಗೆ ಹಂಚಿನ ಮಣ್ಣಿನ ಒಂದು ಮುದ್ದೆ. ಮೊದಲು ಮಣ್ಣು ಹಿಚುಕಬೇಕು, ಆಮೇಲೆ ಅಂಗಿಯ ಗುಂಡಿ ಹಾಕಿ ತೆಗೆಯಬೇಕು. ಆ ಮಣ್ಣು ಕಂಡದ್ದೇ ಅಣ್ಣ ಮುದ್ದೆಯನ್ನು ಬಲಗೈಯಲ್ಲೇ ಕಿತ್ತುಕೊಂಡು ಗೋಡೆಗೆ ಎಸೆದ. ಅಮ್ಮ ಹೆದರಿ ಓಡಿಬಂದಳು. ಕೈಮಾಷ್ಟ್ರು ನಗುತ್ತಿದ್ದರು.

"ಬಿಸಾಡ್ಲಿ ಬಿಡಿ ಅಮ್ಮ. ಬಿಸಾಡುಕೂ ಬೆರಳ್ ಬಿಡ್ಸ್‌ಬೇಕಲ್ದಾ? ನಾಳೆ ಇನ್ನೂ ದೊಡ್ಡ್ ಮುದ್ದೆ ತತ್ತೆ. ನೀವ್ ಮಾತ್ರ ಇನ್ ಅವ್ನಿಗ್ ಉಣ್ಸ್‌ಬೇಡಿ. ಚೆಲ್ರೆ ಚೆಲ್ಲಲಿ."

ಬೇಸಗೆ ರಜೆಗೆ ಬಂದ ನನಗೆ ಕಂಡದ್ದು ಈ ಚೆಲ್ಲಾಟ. ಅಣ್ಣ ಎದೆಯ ಮೇಲೆಲ್ಲ ಗಂಜಿ ಸುರಿದುಕೊಂಡು ಉಣ್ಣುತ್ತಿದ್ದ. ಎರಡು ಗುಂಡಿ ಹಾಕಿ ಮೂರನೆಯದಕ್ಕೆ ಸೋತು ಕೂರುತ್ತಿದ್ದ. ಅಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದಳು. ಇದ್ಯಾವ ಚಿಕಿತ್ಸೆ ಎಂದು ನನಗೆ ರೇಗಿತು.

ಆಗಲೇ ವಾಚನಾಲಯದಲ್ಲೊಂದು ಚರ್ಚಾಕೂಟ ಏರ್ಪಟ್ಟಿತು. 'ದುಡಿಮೆ ಮದ್ದಾದೀತೆ?' ಎಂಬ ವಿಷಯ ಸೂಚಿಸಿದವನು ನಾನೇ. ಕೈಮಾಷ್ಟ್ರು ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು.

"ಈ ಜಗಲಿಯಲ್ಲಿ ಹೊಸೆದ ಹಗ್ಗ ಕಾಣುತ್ತದೆ, ಗುಣವಾದ ಕೈ ಕಾಣುವುದಿಲ್ಲ" ಎಂದೆ. "ನನ್ನ ಅಣ್ಣ ಮೂರು ತಿಂಗಳು ಮಣ್ಣು ಹಿಚುಕಿದ್ದಾನೆ. ಆ ಕೈಯಿಂದ ಇನ್ನು ಏನೂ ಆಗದು. ಮಾಷ್ಟ್ರೇ, ಸಭೆಯ ಮುಂದೆ ಗುಣವಾದ ಒಂದು ಕೈ ತೋರಿಸಿ, ಒಂದೇ ಒಂದು."

ಅವರು ಎದ್ದು ನಿಂತರು. ಕಣ್ಣು ಒಂದು ಗಳಿಗೆ ಹಿಂದಿನ ಬಾಗಿಲಿಗೆ ಹೋಗಿ ಮರಳಿತು.

"ತೋರ್ಸುಕೆ ಅದೆಂತ ಸಂತೆಗ್ ತಂದ್ ಬಾಳೆಗೊನೆಯಾ?" ಎಂದಷ್ಟೇ ಹೇಳಿ ಕುಳಿತರು.

ಸಭೆ ಅವರನ್ನು ನೋಡಿ ನಕ್ಕಿತು, ನನಗೆ ಚಪ್ಪಾಳೆ ತಟ್ಟಿತು.

ಬಾಗಿಲಲ್ಲಿ ನಿಂತಿದ್ದವನು ಅಣ್ಣ. ಮನೆಗೆ ಬಂದ ಮೇಲೆ ಅಮ್ಮ ಹೇಳಿದಾಗಲೇ ನನಗದು ಗೊತ್ತಾದದ್ದು. ಅಂದು ಅವನು ಅಂಗಿಯ ಐದೂ ಗುಂಡಿಗಳನ್ನು ತಾನೇ ಹಾಕಿಕೊಂಡಿದ್ದ. ಕೈ ಹೋದ ಮೇಲೆ ಮೊದಲ ಸಲ ಬೀದಿಗೆ ಇಳಿದು, ತಮ್ಮನ ಭಾಷಣ ಕೇಳಲೆಂದು ಬಂದಿದ್ದ. ಕೈಮಾಷ್ಟ್ರು ಅತ್ತ ಬೆರಳು ತೋರಿಸಿದ್ದರೆ ಸಾಕಿತ್ತು, ನಾನು ಅಲ್ಲೇ ಸೋಲುತ್ತಿದ್ದೆ. ತೋರಿಸಲಿಲ್ಲ. ಅಷ್ಟು ಜನರ ಮುಂದೆ ಅಣ್ಣನ ಕೈಯನ್ನು ಸಾಕ್ಷಿಗೆ ಎಳೆಯುವ ಬದಲು ತಾವೇ ನಗೆಪಾಟಲಾದರು.

ಮದ್ದು ಎನ್ನುವವರು ಗುಣ ತೋರಿಸಬೇಕು ಎಂಬ ನನ್ನ ವಾದ ತಪ್ಪೆಂದು ಇವತ್ತಿಗೂ ಒಪ್ಪಲಾರೆ. ಆದರೆ ಮನೆಯಲ್ಲೇ ಇದ್ದ ಅಣ್ಣನನ್ನು, "ಇವತ್ತು ಎಷ್ಟು ಗುಂಡಿ ಹಾಕಿದೆ?" ಎಂದು ಒಂದು ದಿನವೂ ಕೇಳದವನು ನಾನು.

ಅಣ್ಣ ಆ ಅಂಗಿಯ ಹಲಗೆಯನ್ನು ಅಟ್ಟಕ್ಕೆ ಹಾಕಿದ. ಕೈಮಾಷ್ಟ್ರು ನಾಲ್ಕು ಸಲ ಬಂದರು, ಅವನು ಕೋಣೆಯ ಚಿಲಕ ತೆಗೆಯಲಿಲ್ಲ. ಕೊನೆಗೆ ನಾನೇ ಅವರ ಜಗಲಿಗೆ ಹೋಗಿ ತಪ್ಪಾಯಿತೆಂದೆ.

"ನಂಗೆಂತ ಆಯ್ಲ. ನಂಗ್ ಹೇಳಿ ಪ್ರಯೋಜ್ನ ಇಲ್ಲ, ಅವ್ನಿಗ್ ಹೇಳ್" ಎಂದರು.

ಸಭೆಯಲ್ಲಿ ಸಲೀಸಾಗಿ ಬಂದ ಮಾತು ಆ ಕೋಣೆಯ ಕದದ ಮುಂದೆ ಬರಲಿಲ್ಲ. ಇಂದು, ನಾಳೆ ಎನ್ನುತ್ತ ರಜೆ ಮುಗಿಯಿತು.

ಮರುವರ್ಷ ಮಳೆ ಹಿಡಿಯುವ ಮೊದಲೇ ಕೈಮಾಷ್ಟ್ರು ವಿಷಮಜ್ವರದಲ್ಲಿ ತೀರಿಕೊಂಡರು. ಅವರ ಚಟ್ಟ ಕಟ್ಟಿದವರೆಲ್ಲ ಆ ಜಗಲಿಯಲ್ಲಿ ಕೂತು ಎದ್ದವರೇ. ಒಂದೊಂದು ಗಂಟಿಗೂ ಅವರಿಗೆ ಹೊತ್ತು ಹಿಡಿಯಿತು, ಮಾಷ್ಟ್ರ ಹೆಂಡತಿ ಯಾರಿಗೂ ಅವಸರ ಮಾಡಲು ಬಿಡಲಿಲ್ಲ. ನನ್ನ ಹಿಂದೆಯೇ ಬಂದಿದ್ದ ಅಣ್ಣ ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡು ರಸ್ತೆಯಲ್ಲೇ ನಿಂತಿದ್ದ.

"ಬಾ ಅಣ್ಣ, ನೀನೂ ಒಂದ್ ಗಂಟ್ ಹಾಕ್" ಎಂದೆ.

"ಈ ಕೈಲ್ ಇನ್ನೆಂತದೂ ಆತ್ತಿಲ್ಲ ಅಂದ್ ನೀನೇ ಅಲ್ದಾ ಹೇಳಿದ್ದ್" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಓದಿದ ತಮ್ಮ ಹೇಳಿದ್ದನ್ನು ಅವನು ನಂಬಿದ್ದ.