ಗಿಣ್ಣುಹಾಲಿನ ಪರ ನಿಲ್ಲುವ ಹಿಸ್ಕೆ

ಫ್ರೀಸ್‌ಲ್ಯಾಂಡಿನ ಹುಲ್ಲುಬಯಲಿನ ಮೇಲೆ ಇನ್ನೂ ಮಂಜು ಕವಿದಿದೆ. ಹಿಸ್ಕೆ ವೀರ್ಸ್ಮಾ ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಅಡುಗೆಮನೆಯ ಒಲೆಯ ಮುಂದೆ ಕೈ ಕಾಸಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈಯಲ್ಲಿ ಬಾಣಂತಿಯನ್ನು ಮುಟ್ಟಬಾರದು. ಮಹಡಿಯಿಂದ ಕೂಸಿನ ಅಳು ಕೇಳುತ್ತಿದೆ. ತಾಯಿಯೂ ಅಳುತ್ತಿದ್ದಾಳೆ.

ಹೆರಿಗೆಯಾದ ಮನೆಗೆ ವಾರಕಾಲ ಬಂದು ತಾಯಿ-ಮಗುವನ್ನು ನೋಡಿಕೊಳ್ಳುವುದು ಹಿಸ್ಕೆಯವರ ಉದ್ಯೋಗ. ಕೂಸಿನ ಸ್ನಾನ, ಬಾಣಂತಿಯ ಊಟ, ಬಚ್ಚಲು ತೊಳೆಯುವುದು, ಕೂಸು ಹುಟ್ಟಿದ ಸಂತೋಷಕ್ಕೆ ಕೊಡುವ, ಸೋಂಪಿನ ಮಿಠಾಯಿ ಉದುರಿಸಿದ ರಸ್ಕು ತಿಂದು ಮುಗಿಸಿದರೂ ಏಳದ ನೆಂಟರನ್ನು ಎಬ್ಬಿಸಿ ಕಳಿಸುವುದು, ಎಲ್ಲವೂ ಅವರ ಪಾಲಿನದೇ.

ಈ ಮನೆಯ ಬಾಣಂತಿ ಮಾರಿತ್. ಮೂರು ದಿನದ ಇಮ್ಕೆಯ ತೂಕ ಇಳಿದಿದೆ. ನಾಳೆಯೂ ಇಳಿದರೆ ಬಾಟಲಿ ಹಾಲು ಸೇರಿಸಲೇಬೇಕೆಂದು ಸೂಲಗಿತ್ತಿ ಹೇಳಿಹೋಗಿದ್ದಾಳೆ. ಅತ್ತೆ ಫೊಕ್ಯೆ ಅಷ್ಟು ಕಾಯುವವರಲ್ಲ. ಬಾಟಲಿ ಹಿಡಿದೇ ನಿಂತಿದ್ದಾರೆ.

"ನೋಡೇ ಹಿಸ್ಕೆ, ಇವಳ ಎದೇಲಿ ಹಾಲೇ ಇಲ್ಲ. ಹಳದಿ ಹನಿ ನಾಲ್ಕು ಬರುತ್ತೆ ಅಷ್ಟೇ. ಎದೆಕಟ್ಟಾದ್ರೂ ಎಲ್ಲಿದೆ, ಪಾಪ!"

ಮಾರಿತ್ ಗೋಡೆಯ ಕಡೆ ತಿರುಗುತ್ತಾಳೆ.

"ಅಲ್ಲ ಕಣೇ ಫೊಕ್ಯೆ, ಮೊನ್ನೆ ನಿನ್ನ ಹಸು ಕರು ಹಾಕ್ತಲ್ಲ, ಗಿಣ್ಣುಹಾಲನ್ನ ಚರಂಡಿಗೆ ಚೆಲ್ಲಿದ್ಯಾ?"

"ಹುಚ್ಚೇನೇ ನಿಂಗೆ? ಗಿಣ್ಣು ಕುಡೀದ ಕರು ಉಳಿಯುತ್ತಾ? ರೋಗ ತಡೆಯೋದೇ ಅದು!"

"ಮತ್ತೆ ಈ ಹಳದಿ ಹನೀನೂ ಗಿಣ್ಣೇ ಅಲ್ವಾ? ಮೊಮ್ಮಗಳಿಗೆ ಮಾತ್ರ ಯಾಕೆ ಬೇಡ?"

"ಕರೂನೂ ಕೂಸನ್ನೂ ಸಮ ಮಾಡ್ತೀಯಲ್ಲೇ!" ಎಂದು ಗೊಣಗುತ್ತ ಫೊಕ್ಯೆ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ.

ಹಿಸ್ಕೆ ಮಾರಿತ್‌ಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಾರೆ. "ಬರೀ ತೊಟ್ಟಿನ ತುದಿ ಕಚ್ಚಿದ್ರೆ ನಿಂಗೆ ನೋವು, ಅದಕ್ಕೆ ಹಸಿವು. ಆಕಳಿಸೋ ಹಾಗೆ ಬಾಯಿ ತೆರೀಲಿ, ತಡಿ. ಹಾಂ, ಈಗ. ಎದೆ ಸಣ್ಣದಾದ್ರೆ ಹಾಲು ಕಡಿಮೆ ಅಂತ ಯಾರಂದ್ರು? ಕೂಸು ಚೀಪಿದಷ್ಟೂ ಊರುತ್ತೆ."

ಇಮ್ಕೆಯ ಗಂಟಲು ಗುಟುಕ್ಕೆನ್ನುತ್ತದೆ. ಮಾರಿತ್ ಮುಖ ಕಿವುಚುತ್ತಾಳೆ. "ಹೊಟ್ಟೆ ಹಿಂಡ್ತಿದೆ."

"ಹಿಂಡ್ಲಿ ಬಿಡು. ಗರ್ಭಕೋಶ ಕುಗ್ತಿದೆ. ಇದು ನಿಂಗೂ ಔಷಧಾನೇ ಮಗಳೇ."

ಮೊದಲು ಹಿಸ್ಕೆ ಚೀಸ್ ಕಾರ್ಖಾನೆಯೊಂದರಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ತಮ್ಮ ಚೊಚ್ಚಲ ಬಾಣಂತನದಲ್ಲಿ ಕೂಸು ಎದೆ ಹಿಡಿಯದೆ ಸೋತಾಗ, ಇದೇ ಕೆಲಸದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಿದ್ದಳಂತೆ. "ಬೈಲಿಲ್ಲ, ಪಾಠ ಹೇಳ್ಲಿಲ್ಲ. ಸುಮ್ನೆ ಕೂತ್ಲು. ನಂಗೂ ಇದೇ ಕೆಲ್ಸ ಬೇಕು ಅನ್ನಿಸ್ತು." ಈಗ ಬೆರಳ ಗೆಣ್ಣುಗಳು ಊದುತ್ತವೆ, ಎದುರುಗಾಳಿಗೆ ಮಂಡಿ ನೋಯುತ್ತದೆ. ಕೆಲವು ಮನೆಗಳಲ್ಲಿ ಇಡೀ ಸಂಸಾರದ ಬಟ್ಟೆಯನ್ನೇ ಒಗೆಯಲು ಮುಂದೆ ಸುರಿಯುತ್ತಾರೆ.

ಹಾಗೆಂದು ಅವರು ಹಟಮಾರಿಯಲ್ಲ. ಕಳೆದ ಚಳಿಗಾಲದಲ್ಲಿ, ಹೆರಿಗೆಯಲ್ಲಿ ತುಂಬಾ ರಕ್ತ ಹೋದ ತಾಯಿಯೊಬ್ಬಳಿಗೆ ಹಾಲು ಸಾಲದಾದಾಗ ಬಾಟಲಿ ಹಾಲು ಕಲಸಿಕೊಟ್ಟದ್ದು ಹಿಸ್ಕೆಯೇ. "ಎದೆಹಾಲು ಒಳ್ಳೇದು, ನಿಜ. ಅದನ್ನೇ ತಾಯಿಗೆ ಹೊಡೆಯೋ ಚಾಟಿ ಮಾಡ್ಬಾರ್ದು."

ಮರುದಿನ ಬೆಳಿಗ್ಗೆ ಸೂಲಗಿತ್ತಿ ಕೂಸನ್ನು ತಕ್ಕಡಿಗೆ ಹಾಕುತ್ತಾಳೆ. ತೂಕ ಏರಿದೆ; ಸ್ವಲ್ಪವೇ, ಆದರೂ ಏರಿದೆ. ಹಾಲು ಕರೆದು ಬಂದ ಫೊಕ್ಯೆ ಮಂಚದ ಅಂಚಿನಲ್ಲಿ ಕೂರುತ್ತಾರೆ.

"ನಂಗೂ ಹಾಲಿಲ್ಲ ಅಂತ ನಮ್ಮತ್ತೆ ಅಂದಿದ್ರು," ಅನ್ನುತ್ತಾರೆ, ಸೊಸೆಯ ಮುಖ ನೋಡದೆ. "ನಂಬಿಬಿಟ್ಟೆ."

ಮಾರಿತ್ ಅತ್ತೆಯ ಒರಟು ಕೈಯನ್ನು ಹಿಡಿದುಕೊಳ್ಳುತ್ತಾಳೆ. ಹಿಸ್ಕೆ ಬಚ್ಚಲು ತೊಳೆಯಲು ಹೋಗುತ್ತಾರೆ.

ವಾರ ಕಳೆದರೆ ಇನ್ನೊಂದು ಮನೆ. ಇವರು ಎತ್ತಿ ಆಡಿಸಿದ ಕೂಸುಗಳಿಗೆ ಇವರ ಗುರುತೇ ಇರುವುದಿಲ್ಲ. ಅದು ಬೇಸರವಲ್ಲವೇ ಎಂದು ಕೇಳಿದರೆ ಹಿಸ್ಕೆ ನಗುತ್ತಾರೆ.

"ಗುರುತು ಯಾಕೆ? ಶಾಲೆ ಹೊತ್ತಿಗೆ ಕಾಲುವೆ ದಾರೀಲಿ ಹಿಂದಿಂದ ಸೈಕಲ್ ಬೆಲ್ ಹೊಡೀತಾವೆ, 'ಅಜ್ಜಿ, ಸರೀರಿ!' ಅಂತ. ಎಷ್ಟು ಜೋರು ತುಳೀತಾವೆ ಗೊತ್ತಾ! ನಾನು ಸರಿದು ನಿಂತು ನೋಡ್ತೀನಿ."